ಚಳಿ ಕಟ್ಟಿದ ದಾರಿ

ಚಳಿಗಾಲದಲ್ಲಿ ಎಲ್ಲೋ ದೂರದ ಸಣ್ಣ ಊರಿಗೆ ರಸ್ತೆಯಲ್ಲಿ ಹೋಗಿಬಂದವರ ಪ್ರವಾಸಕಥನಗಳು ಬಹುಮಟ್ಟಿಗೆ ಒಂದೇ ಜಾಡು ಹಿಡಿಯುತ್ತವೆ. ಹಿಮ ಸುರಿಯಿತು, ದಾರಿ ಮುಚ್ಚಿತು, ಗಾಡಿ ಜಾರಿತು, ಹೇಗೋ ಊರು ಸೇರಿದೆವು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ಚಳಿಯನ್ನು ಹಗೆಯ ಜಾಗದಲ್ಲಿ ನಿಲ್ಲಿಸಿ, ರಸ್ತೆಯನ್ನು ಮನುಷ್ಯನ ಗೆಲುವೆಂದು ಹೊಗಳುವ ಜಾಡು ಅದು. ಹೊರಗಿನಿಂದ ಹೋದವರಿಗೆ ಹಾಗೆ ತೋರುವುದು ಸಹಜ. ಆದರೆ ಆ ಊರಿನಲ್ಲೇ ಬಾಳುವವರ ಕಡೆಯಿಂದ ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಭೂಮಿಯ ಉತ್ತರದ ತುದಿಯ ಎಷ್ಟೋ ಊರುಗಳಿಗೆ ಚಳಿಯೇ ರಸ್ತೆ. ಚಳಿ ಬಂದಾಗ ದಾರಿ ತೆರೆಯುತ್ತದೆ, ಚಳಿ ಇಳಿದಾಗ ಮುಚ್ಚುತ್ತದೆ. ಯಾವ ಋತುವಿಗೂ ಜಗ್ಗದ ಕಾಯಂ ರಸ್ತೆ ಎಂದು ಹೇಳಿಸಿಕೊಳ್ಳುವುದು ಕೂಡ ಅಲ್ಲಿ ಕೊನೆಗೆ ನಿಂತಿರುವುದು ಚಳಿಯ ಮೇಲೆಯೇ. ಈ ಮಾತನ್ನು ಕೆನಡಾದ ಒಂದು ದಾರಿಯ ಆಧಾರದಿಂದ ತೋರಿಸಿ, ಅದರ ವಿರುದ್ಧ ಏಳಬಹುದಾದ ಆಕ್ಷೇಪಗಳಿಗೆ ಉತ್ತರ ಹುಡುಕುವುದು ಈ ಭಾಷಣದ ಉದ್ದೇಶ.

ಆ ದಾರಿಯ ಒಂದು ತುದಿಯಲ್ಲಿ ಯೂಕಾನ್ ಪ್ರಾಂತದ ಡಾಸನ್ ಸಿಟಿ ಇದೆ. 1890ರ ದಶಕದ ಕೊನೆಯಲ್ಲಿ ಚಿನ್ನದ ಆಸೆಗೆ ಬಿದ್ದು ಜನ ಮುಗಿಬಿದ್ದ ಊರು ಅದು. ಇನ್ನೊಂದು ತುದಿಯಲ್ಲಿ ಆರ್ಕ್‌ಟಿಕ್ ಸಾಗರದ ದಂಡೆಯ ಟುಕ್ಟೊಯಾಕ್ಟಕ್, ಸುಮಾರು 900 ಜನರ ಹಳ್ಳಿ. ಅಲ್ಲಿನವರು ಇದನ್ನು ಚಿಕ್ಕದಾಗಿ ಟಕ್ ಎನ್ನುತ್ತಾರೆ. ಡಾಸನ್‌ನಿಂದ ಸುಮಾರು 40 ಕಿಲೋಮೀಟರ್ ಆಚೆ ಕವಲೊಡೆಯುವ ಡೆಂಪ್‌ಸ್ಟರ್ ಹೆದ್ದಾರಿ, 736 ಕಿಲೋಮೀಟರ್ ಜಲ್ಲಿ ರಸ್ತೆಯಾಗಿ ಇನುವಿಕ್ ಪಟ್ಟಣ ಮುಟ್ಟುತ್ತದೆ. ಮೊದಲ 369 ಕಿಲೋಮೀಟರ್ ಉದ್ದಕ್ಕೂ ಪೆಟ್ರೋಲ್ ಇಲ್ಲ. ಅಷ್ಟು ದೂರ ಬಂದ ಮೇಲೆ ಈಗಲ್ ಪ್ಲೇನ್ಸ್ ಎಂಬಲ್ಲಿ ಒಂದು ಹೋಟೆಲು, ಒಂದು ಬಂಕು. ಅದರಾಚೆ ಉತ್ತರ ಧ್ರುವವೃತ್ತ, ಆಮೇಲೆ ಗ್ವಿಚಿನ್ ಜನರ ಫೋರ್ಟ್ ಮ್ಯಾಕ್‌ಫರ್ಸನ್ ಮತ್ತು ಟ್ಸಿಗೆಟ್ಚಿಕ್. ಈ ಎರಡು ಊರುಗಳ ಹತ್ತಿರ ದಾರಿ ಪೀಲ್ ಮತ್ತು ಮೆಕೆಂಜಿ ಎಂಬ ಎರಡು ದೊಡ್ಡ ನದಿಗಳನ್ನು ದಾಟಬೇಕು. ಎರಡಕ್ಕೂ ಸೇತುವೆ ಇಲ್ಲ. ಬೇಸಿಗೆಯಲ್ಲಿ ವಾಹನಗಳನ್ನು ದೋಣಿಗಟ್ಟೆಯಿಂದ ಫೆರ್ರಿ ಸಾಗಿಸುತ್ತದೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆಯೇ ಗಾಡಿಗಳು ಓಡುತ್ತವೆ. ದಾರಿ ಕಡಿದುಹೋಗುವುದು ಇವೆರಡರ ನಡುವಿನ ಕಾಲದಲ್ಲಿ. ನೀರು ಗಟ್ಟಿಯಾಗುವ ಶರತ್ಕಾಲದ ವಾರಗಳು, ಮಂಜುಗಡ್ಡೆ ಒಡೆದು ತೇಲಿಹೋಗುವ ವಸಂತದ ವಾರಗಳು, ಅಂದರೆ ಹಿತವಾದ ಹವೆಯೆಂದು ಪ್ರವಾಸಿಗರು ಹೊಗಳುವ ದಿನಗಳೇ ಈ ರಸ್ತೆಗೆ ಕೆಟ್ಟ ದಿನಗಳು. ಥರ್ಮಾಮೀಟರ್ ಸೊನ್ನೆಯ ಆಸುಪಾಸಿನಲ್ಲಿ ಓಲಾಡುವಾಗ ಅಲ್ಲಿ ಎಲ್ಲವೂ ಅನಿಶ್ಚಿತ. ಅದು ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿದಾಗ ಲಾರಿಗಳು ನಿಶ್ಚಿಂತೆಯಿಂದ ನದಿ ದಾಟುತ್ತವೆ.

ಇನುವಿಕ್‌ನಿಂದ ಮುಂದಕ್ಕೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. 2017ರವರೆಗೆ ಇನುವಿಕ್ ಮತ್ತು ಟಕ್ ನಡುವೆ ನೆಲದ ಮೇಲೆ ರಸ್ತೆಯೇ ಇರಲಿಲ್ಲ. ಪ್ರತಿ ಚಳಿಗಾಲ ಮೆಕೆಂಜಿ ನದಿಯ ಕವಲುಗಳ ಮೇಲೂ, ನದಿ ಸಮುದ್ರ ಸೇರಿದ ಮೇಲೆ ಹೆಪ್ಪುಗಟ್ಟಿದ ಸಮುದ್ರದ ಮೇಲೂ ಸುಮಾರು 190 ಕಿಲೋಮೀಟರ್ ಉದ್ದದ ದಾರಿ ಸಿದ್ಧವಾಗುತ್ತಿತ್ತು. ವಸಂತದಲ್ಲಿ ಅದು ಕರಗಿಹೋಗುತ್ತಿತ್ತು. ಬೇಸಿಗೆಯಲ್ಲಿ ಟಕ್‌ಗೆ ಹೋಗಬೇಕಾದವರಿಗೆ ವಿಮಾನ, ಸರಕಿಗೆ ಬಾರ್ಜು. ಹೊರಗಿನವರು ಆ ಹಳ್ಳಿಯನ್ನು ದುರ್ಗಮ ಎಂದು ಕರೆಯುತ್ತಿದ್ದುದು ಚಳಿಯನ್ನು ಮನಸ್ಸಿನಲ್ಲಿಟ್ಟುಕೊಂಡು. ಊರಿನವರ ಅನುಭವ ಇದಕ್ಕೆ ಉಲ್ಟಾ ಆಗಿತ್ತು. ಚಳಿಗಾಲದಲ್ಲಿ ಮನೆಮಂದಿ ಗಾಡಿ ಹತ್ತಿ ಇನುವಿಕ್‌ಗೆ ಹೋಗಿ ಸಾಮಾನು ತರಬಹುದಿತ್ತು, ನೆಂಟರನ್ನು ನೋಡಿ ಬರಬಹುದಿತ್ತು, ಇಂಧನದ ಲಾರಿ ಊರೊಳಗೆ ಬರಬಹುದಿತ್ತು. ಸೂರ್ಯ ಮುಳುಗದ ಬೇಸಿಗೆಯಲ್ಲಿ ವಿಮಾನದ ಟಿಕೆಟಿಗೆ ಹಣವಿಲ್ಲದವನು ಊರು ಬಿಟ್ಟು ಕದಲುವುದೇ ಕಷ್ಟವಾಗಿತ್ತು. ಎರಡು ಊರುಗಳ ನಡುವಿನ ಅಂತರ ಭೂಪಟದಲ್ಲಿ ವರ್ಷವಿಡೀ ಅಷ್ಟೇ ಇರುತ್ತದೆ. ಬದುಕಿನಲ್ಲಿ ಅದು ಋತುವಿನೊಂದಿಗೆ ಹಿಗ್ಗಿ ಕುಗ್ಗುತ್ತಿತ್ತು, ಮತ್ತು ಚಳಿಯಲ್ಲಿ ಕುಗ್ಗುತ್ತಿತ್ತು.

ನೀರು ತಾನಾಗಿ ಹೆಪ್ಪುಗಟ್ಟಿದ ಮಾತ್ರಕ್ಕೆ ಅದು ರಸ್ತೆಯಾಗುವುದಿಲ್ಲ. ಅಲ್ಲಿ ಜನ ಚಳಿಯನ್ನು ಕುಶಲತೆಯಿಂದ ದುಡಿಸಿಕೊಳ್ಳುತ್ತಾರೆ. ಮನುಷ್ಯ ನಡೆಯಲು ಸುಮಾರು 10 ಸೆಂಟಿಮೀಟರ್ ದಪ್ಪದ ಗಟ್ಟಿ ಗಡ್ಡೆ ಬೇಕು, ಕಾರಿಗೆ 30ರ ಹತ್ತಿರ, ಸರಕು ತುಂಬಿದ ಭಾರಿ ಲಾರಿಗೆ ಒಂದು ಮೀಟರಿನ ಆಸುಪಾಸು. ಗಡ್ಡೆ ಹೊರಬಲ್ಲ ಭಾರ ಅದರ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಕೆನಡಾದ ಎಂಜಿನಿಯರುಗಳು ದಶಕಗಳಿಂದ ಬಳಸುತ್ತಿರುವ ಸೂತ್ರ. ದಪ್ಪ ಎರಡು ಪಟ್ಟಾದರೆ ಹೊರುವ ಶಕ್ತಿ ನಾಲ್ಕು ಪಟ್ಟು. ಹಾಗಾಗಿ ಪ್ರತಿ ಬೆರಳು ದಪ್ಪಕ್ಕೂ ಬೆಲೆಯಿದೆ. ಮೊದಲ ಕೆಲಸ ಮೇಲಿನ ಹಿಮವನ್ನು ತೆಗೆಯುವುದು. ಉದುರಿದ ಹಿಮದ ತುಂಬ ಗಾಳಿ ಸಿಕ್ಕಿಕೊಂಡಿರುತ್ತದೆ, ಅದು ಕಂಬಳಿ ಹೊದಿಸಿದ ಹಾಗೆ ಕೆಳಗಿನ ಗಡ್ಡೆಯನ್ನು ಬೆಚ್ಚಗಿಟ್ಟು ಬೆಳೆಯದಂತೆ ತಡೆಯುತ್ತದೆ. ಅದನ್ನು ಬಳಿದುಹಾಕಿದರೆ ಆಕಾಶದ ಚಳಿ ನೇರವಾಗಿ ಗಡ್ಡೆಗೆ ತಾಗಿ ಅದು ಕೆಳಮುಖವಾಗಿ ದಪ್ಪವಾಗುತ್ತ ಹೋಗುತ್ತದೆ. ಸಾಲದಿದ್ದಲ್ಲಿ ತೂತು ಕೊರೆದು, ಪಂಪಿನಿಂದ ನೀರೆತ್ತಿ ಮೇಲೆ ಹರಡಿ ಪದರದ ಮೇಲೆ ಪದರ ಹೆಪ್ಪುಗಟ್ಟಿಸುತ್ತಾರೆ. ತಿಳಿಯಾದ ನೀಲಿ ಗಡ್ಡೆಯನ್ನು ನಂಬಬಹುದು. ಹಿಮ ಬೆರೆತ ಬಿಳಿ ಗಡ್ಡೆಗೆ ಅದರ ಅರ್ಧದಷ್ಟು ಶಕ್ತಿಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಕೊರೆದು ನೋಡುವ ಸಲಕರಣೆಯ ಜೊತೆಗೆ ಈಗ ರಾಡಾರ್ ಎಳೆದೊಯ್ದು ದಪ್ಪ ಅಳೆಯುತ್ತಾರೆ. ಅಳತೆ ಬದಲಾದಂತೆ, ಇಂದು ಎಷ್ಟು ಟನ್ ಭಾರದ ಗಾಡಿ ಹೋಗಬಹುದು ಎಂಬ ಫಲಕವೂ ಬದಲಾಗುತ್ತದೆ. ಡಾಂಬರು ರಸ್ತೆಗೆ ಇಷ್ಟು ನಿತ್ಯದ ಗಮನ ಕೊಡುವವರು ಅಪರೂಪ.

ವೇಗದ ವಿಷಯದಲ್ಲೂ ಇಂಥದೇ ಸೂಕ್ಷ್ಮವಿದೆ. ಗಡ್ಡೆ ನೀರಿನ ಮೇಲೆ ತೇಲುವ ಹಲಗೆ. ಗಾಡಿ ಹೋಗುವಾಗ ಅದು ಅಷ್ಟಿಷ್ಟು ಬಾಗುತ್ತದೆ, ಆ ಬಾಗು ಕೆಳಗಿನ ನೀರಿನಲ್ಲಿ ಅಲೆಯನ್ನು ಎಬ್ಬಿಸುತ್ತದೆ. ಗಾಡಿಯ ವೇಗ ಅಲೆಯ ವೇಗಕ್ಕೆ ಸರಿಹೊಂದಿದರೆ ಅಲೆ ಬೆಳೆದು ಗಡ್ಡೆಯನ್ನು ಒಳಗಿನಿಂದ ಒಡೆಯಬಹುದು. ಆದ್ದರಿಂದಲೇ ಕೆನಡಾದಲ್ಲಿ ಭಾರದ ಲಾರಿಗಳು ಸರೋವರಗಳ ಮೇಲೆ ಗಂಟೆಗೆ 25 ಕಿಲೋಮೀಟರಿನಷ್ಟು ನಿಧಾನಕ್ಕೆ ಸಾಗುತ್ತವೆ. ಎಸ್ಟೋನಿಯಾ ದೇಶದ ಹಿಯುಮಾ ದ್ವೀಪಕ್ಕೆ ಸಮುದ್ರದ ಮೇಲೆ ತೆರೆಯುವ ಗಡ್ಡೆ ರಸ್ತೆಯಲ್ಲಿ 25ರಿಂದ 40ರ ನಡುವಿನ ವೇಗವನ್ನೇ ನಿಷೇಧಿಸಲಾಗಿದೆ. ನಿಧಾನ ಹೋಗು ಅಥವಾ ಬೇಗ ಹೋಗು, ನಡುವೆ ಬೇಡ. ಅಲ್ಲಿ ಸೀಟ್‌ಬೆಲ್ಟ್ ಹಾಕಬಾರದು ಎಂಬ ನಿಯಮವೂ ಇದೆ, ಗಡ್ಡೆ ಕುಸಿದರೆ ಥಟ್ಟನೆ ಹೊರಬರಬೇಕಲ್ಲ. ಬೇರೆ ರಸ್ತೆಗಳಲ್ಲಿ ಜೀವ ಉಳಿಸುವ ಅಭ್ಯಾಸ ಇಲ್ಲಿ ಜೀವ ತೆಗೆಯಬಹುದು. ನೀರಿನ ಆಳ ಹಠಾತ್ತನೆ ಕಡಿಮೆಯಾಗುವ ದಡದ ಹತ್ತಿರ, ಹೊಳೆ ಬಂದು ಸೇರುವ ಬಾಯಲ್ಲಿ ಹೆಚ್ಚು ಎಚ್ಚರ ಬೇಕೆಂಬುದು ಅನುಭವಿಗಳಿಗೆ ಗೊತ್ತಿರುವ ಮಾತು. ಚಳಿ ಸಾಮಗ್ರಿಯಾದರೆ ಈ ತಿಳಿವಳಿಕೆ ಅದನ್ನು ಕಟ್ಟುವ ಗಾರೆ ಕೆಲಸ. ಒಂದಿಲ್ಲದೆ ಇನ್ನೊಂದು ನಿಲ್ಲದು.

ಗಡ್ಡೆ ರಸ್ತೆಯನ್ನು ಮೂಲೆಯ ಹಳ್ಳಿಗಳ ವಿಚಿತ್ರವೆಂದು ತಳ್ಳಿಹಾಕುವವರಿಗೆ ಇತಿಹಾಸ ಒಂದು ದೊಡ್ಡ ಉದಾಹರಣೆ ಕೊಡುತ್ತದೆ. 1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡ್ ನಗರವನ್ನು ಮುತ್ತಿ ನೆಲದ ದಾರಿಗಳನ್ನೆಲ್ಲ ಕಡಿದುಹಾಕಿತು. ನವೆಂಬರ್ 20ರ ಹೊತ್ತಿಗೆ ಬಹುಪಾಲು ನಾಗರಿಕರ ಪಾಲಿಗೆ ದಿನಕ್ಕೆ 125 ಗ್ರಾಂ ಬ್ರೆಡ್ಡು ಉಳಿದಿತ್ತು. ಅದೇ ನವೆಂಬರ್ 22ರಂದು ಲಡೋಗಾ ಸರೋವರದ ಹೊಸ ಗಡ್ಡೆಯ ಮೇಲೆ ಮೊದಲ ಲಾರಿಗಳ ಸಾಲು ಹೊರಟಿತು. ಆ ಚಳಿಗಾಲದಲ್ಲಿ ಆಹಾರ ಒಳಗೆ ಬಂತು, 5 ಲಕ್ಷಕ್ಕೂ ಹೆಚ್ಚು ಜನ ಹೊರಗೆ ಹೋದರು. ತುಂಬಿದ ಲಾರಿ ದಾಟಿದಾಗ ಒಡೆಯದ ಗಡ್ಡೆ, ಖಾಲಿ ಲಾರಿ ಬೇಗ ಮರಳುವಾಗ ಏಕೆ ಒಡೆಯುತ್ತದೆ ಎಂಬ ಒಗಟನ್ನು ಬಿಡಿಸಲು ನಗರದ ಭೌತವಿಜ್ಞಾನಿಗಳು ಗಡ್ಡೆಯ ಬಾಗನ್ನು ಅಳೆಯುವ ಉಪಕರಣವನ್ನೇ ಮಾಡಿದರು. ಅಲೆ ಮತ್ತು ವೇಗದ ಸಂಬಂಧ ಅಲ್ಲಿ ಸಾವಿರಾರು ಜೀವಗಳ ಪ್ರಶ್ನೆಯಾಗಿತ್ತು. ಆ ವರ್ಷದ ಘೋರ ಚಳಿ ಮನೆಗಳೊಳಗೆ ಜನರನ್ನು ಕೊಂದದ್ದು ನಿಜ, ಅದೇ ಚಳಿ ಸರೋವರದ ಮೇಲೆ ಅವರಿಗೆ ಉಳಿದ ಏಕೈಕ ಗಾಡಿದಾರಿಯನ್ನು ಕಟ್ಟಿದ್ದೂ ನಿಜ. ಚಳಿಯನ್ನು ಬರಿಯ ಶತ್ರುವೆಂದು ಬರೆದರೆ ಆ ಇತಿಹಾಸದ ಅರ್ಧ ಕಳೆದುಹೋಗುತ್ತದೆ.

ಡೆಂಪ್‌ಸ್ಟರ್ ಹೆದ್ದಾರಿಗೆ ಆ ಹೆಸರು ಬಂದ ಪ್ರಸಂಗವೂ ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಫೋರ್ಟ್ ಮ್ಯಾಕ್‌ಫರ್ಸನ್ ಮತ್ತು ಡಾಸನ್ ನಡುವೆ ಪೊಲೀಸ್ ಪಡೆ ಪ್ರತಿ ಚಳಿಗಾಲ ನಾಯಿಗಾಡಿಗಳಲ್ಲಿ ಟಪಾಲು ಒಯ್ಯುತ್ತಿತ್ತು. ಚಳಿಗಾಲವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಬೇಸಿಗೆಯಲ್ಲಿ ಜೌಗು, ಸೊಳ್ಳೆ, ಹರಿಯುವ ಹೊಳೆಗಳು. ಚಳಿಯಲ್ಲಿ ಹೊಳೆಗಳೇ ದಾರಿ. 1910ರ ಡಿಸೆಂಬರ್ 21ರಂದು ಇನ್‌ಸ್ಪೆಕ್ಟರ್ ಫಿಟ್ಜ್‌ಜೆರಲ್ಡ್ ಮೂವರು ಸಂಗಡಿಗರೊಂದಿಗೆ ಫೋರ್ಟ್ ಮ್ಯಾಕ್‌ಫರ್ಸನ್‌ನಿಂದ ಹೊರಟರು. ಬೇಗ ಮುಟ್ಟುವ ಆತುರದಲ್ಲಿ ಹಗುರವಾಗಿ ಹೊರಟಿದ್ದರು. ದಾರಿಯಲ್ಲಿ ಸ್ವಲ್ಪ ದೂರಕ್ಕೆ ನೆರವಾದ ಗ್ವಿಚಿನ್ ಮಾರ್ಗದರ್ಶಿಯನ್ನು 1911ರ ಹೊಸ ವರ್ಷದ ದಿನ ಹಿಂದಕ್ಕೆ ಕಳಿಸಿದರು. ಮುಂದೆ ದಾರಿ ತೋರಿಸಬೇಕಾದವನಿಗೆ ಆ ಜಾಡು ಹಿಂದೊಮ್ಮೆ ಎದುರು ದಿಕ್ಕಿನಿಂದ ಬಂದ ನೆನಪಿನಷ್ಟು ಮಾತ್ರ ಗೊತ್ತಿತ್ತು. ತಿರುಗಬೇಕಾದ ಒಂದು ಹೊಳೆಯ ಕವಲನ್ನು ಅವರು ದಿನಗಟ್ಟಲೆ ಹುಡುಕಿದರು, ಸಿಗಲಿಲ್ಲ. ಹಿಂದಿರುಗುವ ದಾರಿಯಲ್ಲಿ ಹಸಿದು, ನಾಯಿಗಳನ್ನೇ ತಿಂದು, ನಾಲ್ವರೂ ಸತ್ತರು. ಕೊನೆಯ ಇಬ್ಬರು ಬಿದ್ದದ್ದು ಹೊರಟ ಊರಿಗೆ ಸುಮಾರು 40 ಕಿಲೋಮೀಟರ್ ದೂರದಲ್ಲಿ. ಅವರನ್ನು ಹುಡುಕಿ ಹೋದ ಅಧಿಕಾರಿಯೇ ಡೆಂಪ್‌ಸ್ಟರ್. ಸತ್ತವರು ಚಳಿಗೆ ಬಲಿಯಾದರೆಂದು ಸುಲಭವಾಗಿ ಹೇಳಬಹುದು. ಆದರೆ ಅದೇ ಚಳಿಯಲ್ಲಿ, ಅದೇ ಹೊಳೆಗಳ ಮೇಲೆ ಗ್ವಿಚಿನ್ ಜನ ಮಕ್ಕಳುಮರಿಗಳೊಂದಿಗೆ ಓಡಾಡುತ್ತಿದ್ದರು. ದಾರಿ ಅಲ್ಲಿಯೇ ಇತ್ತು. ಅದನ್ನು ಬಲ್ಲವನನ್ನು ಮನೆಗೆ ಕಳಿಸಲಾಗಿತ್ತು.

ಊರುಗಳ ಒಳಗೂ ಇದೇ ತತ್ವ ಕಾಣುತ್ತದೆ. ಇನುವಿಕ್ 1950ರ ದಶಕದಲ್ಲಿ ಯೋಜನೆ ಹಾಕಿ ಕಟ್ಟಿದ ಪಟ್ಟಣ. ಅಲ್ಲಿನ ಕಟ್ಟಡಗಳು ನೆಲಕ್ಕೆ ತಾಗದೆ ಗೂಟಗಳ ಮೇಲೆ ನಿಂತಿವೆ. ನೀರಿನ ಮತ್ತು ಚರಂಡಿಯ ಕೊಳವೆಗಳು ನೆಲದಡಿ ಹೋಗದೆ ಪೆಟ್ಟಿಗೆಯಂಥ ಕವಚದೊಳಗೆ ಮನೆಯಿಂದ ಮನೆಗೆ ನೆಲದ ಮೇಲೆಯೇ ಸಾಗುತ್ತವೆ. ಕೆಳಗಿರುವುದು ಪರ್ಮಾಫ್ರಾಸ್ಟ್, ವರ್ಷವಿಡೀ ಹೆಪ್ಪುಗಟ್ಟಿರುವ ನೆಲ. ಮನೆಯ ಬಿಸಿ ಅದಕ್ಕೆ ತಾಗಿದರೆ ಒಳಗಿನ ಗಡ್ಡೆ ಕರಗಿ ನೆಲ ಕುಸಿಯುತ್ತದೆ, ಮನೆ ವಾಲುತ್ತದೆ. ಗೋಡೆಯೊಳಗೆ ಬೆಚ್ಚಗಿರಬೇಕು, ಪಾಯದಡಿ ತಣ್ಣಗಿರಬೇಕು ಎಂಬುದು ಅಲ್ಲಿನ ವಾಸ್ತುವಿನ ಮೊದಲ ಪಾಠ. ಟಕ್‌ನಲ್ಲಿ 1963ರಲ್ಲಿ ಇದೇ ನೆಲವನ್ನು ಸುಮಾರು 30 ಅಡಿ ಆಳಕ್ಕೆ ತೋಡಿ ಊರಿಗೆಲ್ಲ ಒಂದು ಉಗ್ರಾಣ ಮಾಡಿದರು. ಬೇಟೆಯ ಮಾಂಸ, ಮೀನು ಕೆಡದಂತೆ ಇಡಲು ಅದಕ್ಕೆ ವಿದ್ಯುತ್ ಬೇಕಿರಲಿಲ್ಲ. ಊರಿನ ಹೊರಗೆ ಪಿಂಗೊ ಎಂಬ ಗುಡ್ಡಗಳಿವೆ. ನೆಲದೊಳಗಿನ ನೀರು ಹೆಪ್ಪುಗಟ್ಟಿ ಉಬ್ಬಿ ಮಣ್ಣನ್ನು ಮೇಲೆತ್ತಿದ್ದರಿಂದ ಆದವು. ಇಬ್ಯುಕ್ ಎಂಬುದರ ಎತ್ತರ ಸುಮಾರು 49 ಮೀಟರ್. ಸಪಾಟಾದ ಕಡಲ ತೀರದಲ್ಲಿ ಅವು ಬೇಟೆಗಾರರಿಗೂ ದೋಣಿಯವರಿಗೂ ದೂರದಿಂದ ಕಾಣುವ ಗುರುತುಗಳಾಗಿದ್ದವು. ದಾರಿ, ಪಾಯ, ಉಗ್ರಾಣ, ದಿಕ್ಕಿನ ಗುರುತು, ನಾಲ್ಕನ್ನೂ ಅಲ್ಲಿ ಚಳಿಯೇ ಒದಗಿಸಿದೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದು ಏಳುತ್ತದೆ. ಗಡ್ಡೆ ರಸ್ತೆ ಅಷ್ಟು ಚೆನ್ನಾಗಿದ್ದರೆ ಟಕ್‌ನ ಜನರೇ ಕಾಯಂ ರಸ್ತೆ ಬೇಕೆಂದು ದಶಕಗಳ ಕಾಲ ಕೇಳಿದ್ದೇಕೆ? ಬೆಂಗಳೂರಿನಲ್ಲೋ ಟೊರಾಂಟೊದಲ್ಲೋ ಕುಳಿತು ಗಡ್ಡೆ ರಸ್ತೆಯನ್ನು ಹೊಗಳುವುದು ಪರರ ಕಷ್ಟವನ್ನು ಚೆಂದ ಮಾಡಿ ನೋಡುವ ಚಟವಲ್ಲವೇ? ಆಕ್ಷೇಪದ ಮೊದಲರ್ಧ ಪೂರ್ತಿ ಸರಿ. ಟಕ್ ಸೀಮೆಯ ಇನುವಿಯಾಲುಯಿಟ್ ಜನ 1984ರಲ್ಲಿ ಸರ್ಕಾರದೊಂದಿಗೆ ಭೂಹಕ್ಕಿನ ಒಪ್ಪಂದ ಮಾಡಿಕೊಂಡು ತಮ್ಮ ನೆಲದ ಮೇಲೆ ಅಧಿಕಾರ ಪಡೆದವರು. ರಸ್ತೆ ಬೇಕೆಂದು ಪಟ್ಟುಹಿಡಿದವರೂ ಅವರೇ, ಕಟ್ಟಿದ್ದರಲ್ಲೂ ಅವರ ಒಡೆತನದ ಗುತ್ತಿಗೆ ಸಂಸ್ಥೆಗಳ ಪಾಲಿತ್ತು. ಬಾರ್ಜು ಬರುವವರೆಗೆ ಕಾಯುವುದು, ವಿಮಾನದಲ್ಲಿ ಬಂದ ಹಾಲು ಹಣ್ಣಿಗೆ ದುಬಾರಿ ಬೆಲೆ ತೆರುವುದು, ಕಾಯಿಲೆಯವರನ್ನು ವಿಮಾನದಲ್ಲೇ ಸಾಗಿಸುವುದು ಯಾರಿಗೂ ಇಷ್ಟದ ಬದುಕಲ್ಲ. 2014ರ ಜನವರಿಯಲ್ಲಿ ಕೆಲಸ ಶುರುವಾಗಿ, ಸುಮಾರು 30 ಕೋಟಿ ಕೆನಡಾ ಡಾಲರ್ ಖರ್ಚಿನಲ್ಲಿ, ಸುಮಾರು 138 ಕಿಲೋಮೀಟರ್ ಉದ್ದದ ಜಲ್ಲಿ ಹೆದ್ದಾರಿ 2017ರ ನವೆಂಬರ್ 15ರಂದು ತೆರೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಗಡ್ಡೆ ರಸ್ತೆ ಕೊನೆಯ ಬಾರಿಗೆ ಮುಚ್ಚಿತ್ತು. ಈ ಆಯ್ಕೆಯನ್ನು ಹೊರಗಿನವರು ಪ್ರಶ್ನಿಸುವ ಅಗತ್ಯವಿಲ್ಲ, ನಾನೂ ಪ್ರಶ್ನಿಸುತ್ತಿಲ್ಲ. ನನ್ನ ವಾದ ಗಡ್ಡೆ ರಸ್ತೆಯೇ ಉಳಿಯಬೇಕೆಂಬುದಲ್ಲ. ಕಾಯಂ ರಸ್ತೆ ಬಂದದ್ದರಿಂದ ಚಳಿಯ ಹಂಗು ಹರಿಯಿತೆಂಬ ತೀರ್ಮಾನ ತಪ್ಪು ಎಂಬುದಷ್ಟೇ ನನ್ನ ವಾದ.

ಆ ರಸ್ತೆಯನ್ನು ಕಟ್ಟಿದ ಬಗೆಯನ್ನು ನೋಡಿದರೆ ಇದು ತಿಳಿಯುತ್ತದೆ. ಸಾಮಾನ್ಯವಾಗಿ ರಸ್ತೆ ಮಾಡುವವರು ಉಬ್ಬು ಕಡಿದು ತಗ್ಗು ತುಂಬುತ್ತಾರೆ. ಇಲ್ಲಿ ನೆಲವನ್ನು ಕಡಿಯುವಂತಿಲ್ಲ. ಮೇಲಿನ ಪಾಚಿ ಮತ್ತು ಹುಲ್ಲಿನ ಪದರವನ್ನು ಕೆದಕಿದರೆ ಬೇಸಿಗೆಯ ಬಿಸಿ ಪರ್ಮಾಫ್ರಾಸ್ಟಿಗೆ ಇಳಿಯುತ್ತದೆ. ಆದ್ದರಿಂದ ನೆಲದ ಮೇಲೆ ಬಟ್ಟೆಯಂಥ ಹಾಸು ಹಾಸಿ, ಅದರ ಮೇಲೆ ಮಣ್ಣು ಜಲ್ಲಿಯ ದಪ್ಪ ದಿಂಡು ಹೇರಿದರು. ಬಹುಪಾಲು ಮಣ್ಣು ಹೇರಿದ್ದು ಚಳಿಗಾಲದಲ್ಲಿ, ನೆಲ ಕಲ್ಲಿನಂತಿದ್ದಾಗ, ಲಾರಿಗಳು ಓಡಾಡಲು ತಾತ್ಕಾಲಿಕ ಹಿಮದ ದಾರಿಗಳನ್ನು ಮಾಡಿಕೊಂಡು. ಡೆಂಪ್‌ಸ್ಟರ್ ಹೆದ್ದಾರಿಯೂ ಹೀಗೆಯೇ ದಪ್ಪ ಜಲ್ಲಿ ದಿಂಡಿನ ಮೇಲಿದೆ. 1959ರಲ್ಲಿ ಶುರುವಾದ ಅದು ಮುಗಿದದ್ದು 1979ರಲ್ಲಿ. ದಿಂಡಿನ ಕೆಲಸ ಗಾಡಿಗಳನ್ನು ಹೊರುವುದು ಮಾತ್ರವಲ್ಲ, ಕೆಳಗಿನ ನೆಲ ಕರಗದಂತೆ ಕಾಯುವುದು ಕೂಡ. ನೆಲ ತಣ್ಣಗಿರುವವರೆಗೆ ರಸ್ತೆ ಸಮವಾಗಿರುತ್ತದೆ. ಕರಗಿದಲ್ಲಿ ಅದು ತಗ್ಗುತ್ತದೆ, ಅಂಚು ಕುಸಿಯುತ್ತದೆ, ಬೇಸಿಗೆಯಲ್ಲಿ ಮತ್ತೆ ಮತ್ತೆ ಜಲ್ಲಿ ಸುರಿಯಬೇಕಾಗುತ್ತದೆ. ಗಡ್ಡೆ ರಸ್ತೆ ಚಳಿಯ ಮೇಲೆ ನಿಂತದ್ದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಹೊಸ ಹೆದ್ದಾರಿ ನಿಂತದ್ದೂ ಚಳಿಯ ಮೇಲೆಯೇ, ಅದು ಮಣ್ಣಿನಡಿ ಇರುವುದರಿಂದ ಮರೆಯುವುದು ಸುಲಭ.

ಎರಡನೆಯ ಆಕ್ಷೇಪ ನಮ್ಮ ದೇಶದ ಕಡೆಯಿಂದ ಬರುತ್ತದೆ. ಹಿಮಾಲಯದಲ್ಲಿ ಚಳಿ ದಾರಿ ತೆರೆಯುವುದಿಲ್ಲ, ಮುಚ್ಚುತ್ತದೆ. ಶ್ರೀನಗರದಿಂದ ಲೇಹ್‌ಗೆ ಹೋಗುವ ಹಾದಿಯ ಜೋಜಿ ಲಾ ಕಣಿವೆಬಾಯಿ 11,500 ಅಡಿಗಿಂತ ಎತ್ತರದಲ್ಲಿದ್ದು, ಹಿಮಕ್ಕೆ ಮುಚ್ಚುವುದಕ್ಕೇ ಹೆಸರಾಗಿದೆ. 1948ರ ನವೆಂಬರ್ 1ರಂದು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ ಅಲ್ಲಿಗೆ ಟ್ಯಾಂಕುಗಳನ್ನು ಹತ್ತಿಸಿದ್ದು ಚಳಿಗಾಲ ಪೂರ್ತಿ ಬಾಗಿಲು ಹಾಕುವ ಮೊದಲು ಲೇಹ್‌ನ ದಾರಿ ಬಿಡಿಸಬೇಕೆಂಬ ಅವಸರದಲ್ಲಿ. ಕತ್ತೆದಾರಿಯನ್ನು ಟ್ಯಾಂಕು ಹೋಗುವಂತೆ ಅಗಲಮಾಡಿದವರು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಸ್ಯಾಪರ್ಸ್ ಪಡೆಯವರು. ಇಂಥ ಕಡೆ ಚಳಿಯೇ ರಸ್ತೆ ಎಂದರೆ ನಗೆಪಾಟಲಾಗುವುದಿಲ್ಲವೇ? ಒಪ್ಪುತ್ತೇನೆ, ಎತ್ತರದ ಬೆಟ್ಟಕ್ಕೂ ಸಪಾಟಾದ ಉತ್ತರದ ಬಯಲಿಗೂ ವ್ಯತ್ಯಾಸವಿದೆ. ಕಣಿವೆಬಾಯಿಯಲ್ಲಿ ಹಿಮ ರಾಶಿಬಿದ್ದು ಜಾರುತ್ತದೆ, ಅಲ್ಲಿ ಚಳಿಗಿಂತ ಇಳಿಜಾರು ತೊಡಕು. ಡೆಂಪ್‌ಸ್ಟರ್‌ನಲ್ಲೂ ಬಿರುಗಾಳಿ ಹಿಮವನ್ನು ಗುಡ್ಡೆಹಾಕಿ ದಿನಗಟ್ಟಲೆ ದಾರಿ ಮುಚ್ಚಿಸುವ ಜಾಗಗಳಿವೆ. ಆದರೆ ಅದೇ ಲಡಾಖ್‌ನ ಜಂಸ್ಕಾರ್ ಕಣಿವೆಗೆ ಬನ್ನಿ. ಪದುಮ್ ಊರಿನ ಸುತ್ತಣ ಕಣಿವೆಬಾಯಿಗಳು ಹಿಮದಿಂದ ಮುಚ್ಚಿದಾಗ, ಜನವರಿ ಫೆಬ್ರವರಿಯಲ್ಲಿ ಹೆಪ್ಪುಗಟ್ಟಿದ ಜಂಸ್ಕಾರ್ ನದಿಯೇ ಅಲ್ಲಿನವರ ಹೊರದಾರಿಯಾಗಿತ್ತು. ಅದನ್ನು ಅವರು ಚಾದರ್ ಎನ್ನುತ್ತಾರೆ. ಬೆಣ್ಣೆ ಮಾರಲು, ಮಕ್ಕಳನ್ನು ಲೇಹ್‌ನ ಶಾಲೆಗೆ ಮುಟ್ಟಿಸಲು ಅದರ ಮೇಲೆ ದಿನಗಟ್ಟಲೆ ನಡೆದರು. ಮೇಲೆ ಚಳಿ ಮುಚ್ಚಿದ್ದನ್ನು ಕೆಳಗೆ ಚಳಿಯೇ ತೆರೆದಿತ್ತು. ಈಗ ಅದೇ ನದಿಯ ಕಮರಿಯಲ್ಲಿ ನಿಮ್ಮುವಿನಿಂದ ಪದುಮ್‌ಗೆ ರಸ್ತೆ ಬಂದಿದೆ, ಶಿಂಕು ಲಾ ಕಣಿವೆಬಾಯಿಯ ಕೆಳಗೆ 4.1 ಕಿಲೋಮೀಟರ್ ಸುರಂಗದ ಕೆಲಸ 2024ರಲ್ಲಿ ಶುರುವಾಗಿದೆ. ಆಕ್ಷೇಪ ನನ್ನ ಮಾತಿಗೆ ಎಲ್ಲೆ ಹಾಕುತ್ತದೆ, ಅಳಿಸಿಹಾಕುವುದಿಲ್ಲ.

ಮೂರನೆಯ ಆಕ್ಷೇಪ ಇನ್ನೂ ಸರಳ. ಭೂಮಿ ಬಿಸಿಯಾಗುತ್ತಿದೆ, ಹಾಗಾದರೆ ಆ ಕಡುಚಳಿಯ ಊರುಗಳಿಗೆ ಒಳ್ಳೆಯದೇ ಆಯಿತಲ್ಲ, ಚಳಿ ತಗ್ಗಿದರೆ ಕಷ್ಟವೂ ತಗ್ಗೀತು. ಕೇಳಲು ನ್ಯಾಯವಾಗಿಯೇ ಕಾಣುತ್ತದೆ. ಕೆನಡಾ ಸರ್ಕಾರದ ವರದಿಯ ಪ್ರಕಾರ 1948ರಿಂದ 2016ರ ನಡುವೆ ಆ ದೇಶದ ಉತ್ತರ ಭಾಗದ ಸರಾಸರಿ ಉಷ್ಣತೆ 2.3 ಡಿಗ್ರಿ ಏರಿದೆ, ಜಗತ್ತಿನ ಸರಾಸರಿಯ ಸುಮಾರು ಮೂರು ಪಟ್ಟು. ಇದರ ಫಲವೇನು? ಯೆಲ್ಲೋನೈಫ್ ನಗರದ ಕಡೆಯಿಂದ ವಜ್ರದ ಗಣಿಗಳಿಗೆ ಸರೋವರಗಳ ಮೇಲೆ ಹಾದುಹೋಗುವ ದೊಡ್ಡ ಗಡ್ಡೆ ರಸ್ತೆ 2006ರ ಬೆಚ್ಚನೆಯ ಚಳಿಗಾಲದಲ್ಲಿ ಬೇಗನೆ ಮುಚ್ಚಿತು, ಉಳಿದ ಇಂಧನ ಮತ್ತು ಸಾಮಾನನ್ನು ಗಣಿಗಳು ವಿಮಾನದಲ್ಲಿ ತರಿಸಿಕೊಳ್ಳಬೇಕಾಯಿತು. ಗಣಿಗಳ ಕೈಯಲ್ಲಿ ಹಣವಿತ್ತು. ಅದಿಲ್ಲದ ಊರುಗಳ ಪಾಡು ಬೇರೆ. ಒಂಟಾರಿಯೋ ಪ್ರಾಂತದ ಉತ್ತರದಲ್ಲಿ ಹತ್ತಾರು ಆದಿವಾಸಿ ಊರುಗಳು ಮನೆ ಕಟ್ಟುವ ಮರಮುಟ್ಟು, ಡೀಸೆಲ್, ಯಂತ್ರಗಳನ್ನು ಚಳಿಗಾಲದ ರಸ್ತೆಯಲ್ಲೇ ತರಿಸುತ್ತವೆ. 2024ರ ಆರಂಭದಲ್ಲಿ ಗಡ್ಡೆ ಗಟ್ಟಿಯಾಗದೆ ಅವುಗಳ ಮುಖಂಡರು ತುರ್ತುಸ್ಥಿತಿ ಸಾರಬೇಕಾಯಿತು. ಇನುವಿಕ್‌ನ ನೆರೆಯ ಅಕ್ಲಾವಿಕ್‌ಗೆ ಇಂದಿಗೂ ರಸ್ತೆಯೆಂದರೆ ಚಳಿಗಾಲದ ಗಡ್ಡೆ ರಸ್ತೆಯೇ. ಟಕ್‌ನಲ್ಲಿ ಕರಗುತ್ತಿರುವ ದಂಡೆಯನ್ನು ಅಲೆಗಳು ಕೊರೆದು, ಕಡಲಂಚಿನ ಮನೆಗಳನ್ನು ಒಳಕ್ಕೆ ಸಾಗಿಸಬೇಕಾಗಿದೆ. ಚಳಿ ತಗ್ಗಿದಷ್ಟೂ ಅಲ್ಲಿ ದೂರ ಹೆಚ್ಚುತ್ತಿದೆ. ಚಳಿಯನ್ನು ಬರಿಯ ತೊಂದರೆಯೆಂದು ತಿಳಿದವರಿಗೆ ಈ ನಷ್ಟ ನಷ್ಟವೆಂದೇ ಕಾಣುವುದಿಲ್ಲ. ನಾನು ಈ ವಾದವನ್ನು ಹೂಡಬೇಕಾದದ್ದು ಈ ಕಾರಣಕ್ಕೆ.

ಕೆಲವೇ ನೂರು ಜನರ ಊರಿನ ಲೆಕ್ಕ ನಮಗೇಕೆ ಎನ್ನುವವರೂ ಇದ್ದಾರೆ. ಅವರಿಗೆ ಎರಡು ಮಾತು. ಮೊದಲನೆಯದು, ಅಭಿವೃದ್ಧಿಯ ಅಂದಾಜು ಪತ್ರಗಳಲ್ಲಿ ಎಲ್ಲ ಋತುಗಳ ರಸ್ತೆ ಎಂದು ಬರೆದಾಕ್ಷಣ ಋತು ಲೆಕ್ಕದಿಂದ ಬಿಟ್ಟುಹೋಗುವ ಅಪಾಯ ಎಲ್ಲ ಕಡೆಯೂ ಇದೆ. ನೆಲ ಎಷ್ಟು ತಣ್ಣಗಿರಬೇಕು, ನೀರು ಎಲ್ಲಿ ಇಳಿಯಬೇಕು, ಇಳಿಜಾರು ಯಾವ ಮಳೆಯನ್ನು ತಡೆದೀತು ಎಂಬುದನ್ನು ಕಟ್ಟುವ ಮೊದಲು ಕೇಳದ ರಸ್ತೆ ಕಟ್ಟಿದ ಮೇಲೆ ಕೇಳಿಸಿಯೇ ತೀರುತ್ತದೆ. ಗುಡ್ಡ ಕಡಿದು ಅಗಲಮಾಡಿದ ಪಶ್ಚಿಮಘಟ್ಟದ ಹೆದ್ದಾರಿಗಳು ಮಳೆಗಾಲದಲ್ಲಿ ಕುಸಿಯುವುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು, ಸಣ್ಣ ಊರು ಗಡ್ಡೆಯ ಬಗ್ಗೆ ಇಟ್ಟುಕೊಂಡಿರುವ ತಿಳಿವಳಿಕೆ ಸಣ್ಣದಲ್ಲ. ಯಾವ ಹೊಳೆಯ ಬಾಯಲ್ಲಿ ಗಡ್ಡೆ ತೆಳು, ಯಾವ ಗಾಳಿಯ ಮೇಲೆ ಬಿರುಕು ಅಗಲವಾಗುತ್ತದೆ, ಯಾವ ವಾರ ಹೋಗಬಾರದು ಎಂಬುದು ಎಂಜಿನಿಯರನ ರಾಡಾರಿಗಿಂತ ಎಷ್ಟೋ ಮೊದಲು ಅಲ್ಲಿನ ಬೇಟೆಗಾರರಿಗೆ ಗೊತ್ತಿತ್ತು. 1911ರಲ್ಲಿ ಆ ಅರಿವನ್ನು ದಾರಿಯಲ್ಲಿ ಬಿಟ್ಟುಹೋದವರು ತಮ್ಮ ಪ್ರಾಣವನ್ನು ಬೆಲೆಯಾಗಿ ತೆತ್ತರು. ಇಂದು ಅದನ್ನು ಬಿಟ್ಟುಹೋದರೆ ಬೆಲೆ ತೆರುವವರು ಬಿಟ್ಟವರಲ್ಲ, ಆ ರಸ್ತೆಯನ್ನು ನಂಬಿ ಬದುಕುವ ಊರಿನವರು.

ಹಾಗಾದರೆ ಪ್ರವಾಸಿಗನಿಗೆ ಇದರಲ್ಲಿ ಏನಿದೆ? ಹೊಸ ಹೆದ್ದಾರಿ ಬಂದ ಮೇಲೆ ಆರ್ಕ್‌ಟಿಕ್ ಸಾಗರದವರೆಗೆ ಕಾರು ಓಡಿಸಿದೆ ಎಂದು ಹೇಳಿಕೊಳ್ಳಲು ಟಕ್‌ಗೆ ಬರುವವರು ಹೆಚ್ಚಿದ್ದಾರೆ. ಬೇಸಿಗೆಯ ಧೂಳಿನಲ್ಲಿ ಬರುವವರೇ ಬಹಳ. ಬಂದು, ಸಮುದ್ರದ ನೀರು ಮುಟ್ಟಿ, ಫೋಟೋ ತೆಗೆದುಕೊಂಡು ಹಿಂದಿರುಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ದಾರಿಯ ನಿಜ ತಿಳಿಯಬೇಕೆನ್ನುವವರು ಚಳಿಗಾಲದಲ್ಲಿ ಹೋಗಬೇಕು. ಡಿಸೆಂಬರಿನಲ್ಲಿ ಇನುವಿಕ್‌ನ ಆಕಾಶದಲ್ಲಿ ಸುಮಾರು ಒಂದು ತಿಂಗಳು ಸೂರ್ಯ ಹುಟ್ಟುವುದಿಲ್ಲ, ಜನವರಿಯ ಮೊದಲ ವಾರದಲ್ಲಿ ಅವನು ಮತ್ತೆ ಕಂಡಾಗ ಊರು ಹಬ್ಬ ಮಾಡುತ್ತದೆ. ಆ ಹೊತ್ತಿನಲ್ಲಿ ಅಲ್ಲಿಗೆ ಹೋಗುವವನಿಗೆ ನಕ್ಷೆಯ ಕಿಲೋಮೀಟರ್ ಲೆಕ್ಕ ಸಾಲದು. ನಿನ್ನೆ ಗಡ್ಡೆ ಎಷ್ಟು ದಪ್ಪವಿತ್ತು, ಇಂದು ದಾರಿಯ ಗೇಟು ತೆರೆದಿದೆಯೇ, ಮುಂದಿನ ಪೆಟ್ರೋಲ್ ಎಲ್ಲಿ ಎಂದು ಊರಿನವರನ್ನು ಕೇಳಬೇಕಾಗುತ್ತದೆ, ಅವರು ನಿಲ್ಲು ಎಂದರೆ ಈಗಲ್ ಪ್ಲೇನ್ಸ್‌ನಲ್ಲಿ ಎರಡು ದಿನ ನಿಲ್ಲಬೇಕಾಗುತ್ತದೆ. ಚಳಿಗಾಲದ ಪ್ರಯಾಣ ನೆನಪಿನಲ್ಲಿ ಉಳಿಯುವುದು ಈ ಅವಲಂಬನೆಯಿಂದ, ದಾರಿ ಬಲ್ಲವರ ಮಾತಿಗೆ ತಲೆಬಾಗಬೇಕಾದ್ದರಿಂದ. ಪ್ರವಾಸಕಥನ ಬರೆಯುವವರು ತಾವು ಚಳಿಯನ್ನು ಹೇಗೆ ಗೆದ್ದೆವೆಂದು ಬರೆಯುವ ಬದಲು, ಯಾರ ತಿಳಿವಳಿಕೆಯ ಮೇಲೆ, ಎಷ್ಟು ದಪ್ಪದ ಗಡ್ಡೆಯ ಮೇಲೆ ದಾಟಿದೆವೆಂದು ಬರೆದರೆ ಓದುವವರಿಗೆ ಊರೂ ಅರ್ಥವಾದೀತು, ಆ ಗಡ್ಡೆ ತೆಳುವಾಗುತ್ತಿರುವುದು ಯಾರ ನಷ್ಟವೆಂಬುದೂ ಅರ್ಥವಾದೀತು.